ಕರೆಂಟ್ ಬಿಲ್ಲಿನೊಳಗೆ ಅಡಗಿ ಕೂತ ನೀರು

ಹೊಸಪೇಟೆಯಲ್ಲಿ ಯಾರನ್ನಾದರೂ ‘ನಿಮ್ಮ ಮನೆಗೆ ನೀರಿನ ಖರ್ಚು ಎಷ್ಟು ಬರುತ್ತದೆ?’ ಎಂದು ಕೇಳಿ ನೋಡಿ. ನಗರಸಭೆಗೆ ಕಟ್ಟುವ ನಳದ ಶುಲ್ಕ ಹೇಳುತ್ತಾರೆ. ಕುಡಿಯಲು ಫಿಲ್ಟರ್ ನೀರು ತರುವವರು ಕ್ಯಾನಿನ ಲೆಕ್ಕವನ್ನೂ ಸೇರಿಸುತ್ತಾರೆ. ಲೆಕ್ಕ ಅಲ್ಲಿಗೆ ಮುಗಿಯಿತು ಎಂದೇ ಎಲ್ಲರ ತಿಳಿವಳಿಕೆ. ಆದರೆ ನೀರಿಗೆಂದು ನಾವು ತೆರುವ ದೊಡ್ಡ ಮೊತ್ತ ಇರುವುದು ಜೆಸ್ಕಾಂನ ಕರೆಂಟ್ ಬಿಲ್ಲಿನ ಚೀಟಿಯಲ್ಲಿ. ಬೋರಿನಿಂದ ನೀರೆತ್ತುವುದು, ಸಂಪಿನಿಂದ ಮೇಲಿನ ಟ್ಯಾಂಕಿಗೆ ಏರಿಸುವುದು, ಕಾಯಿಸುವುದು, ಸೋಸುವುದು, ಬಟ್ಟೆ ಒಗೆಯುವುದು, ಬೇಸಿಗೆಯಲ್ಲಿ ಕೂಲರಿಗೆ ಹಾಕಿ ಗಾಳಿಗೆ ಬೆರೆಸುವುದು, ಇವೆಲ್ಲ ನೀರಿನ ಖರ್ಚೇ. ಮೀಟರ್ ಓದಿ ಹೋದವರು ಕೊಡುವ ಚೀಟಿಯಲ್ಲಿ ಮಾತ್ರ ಅದು ಯೂನಿಟ್ ಎಂಬ ಹೆಸರಲ್ಲಿ ಬರುತ್ತದೆ. ಹಾಗಾಗಿ ನೀರು ಉಳಿಸುವುದು ಒಂದು ಕೆಲಸ, ಕರೆಂಟ್ ಉಳಿಸುವುದು ಇನ್ನೊಂದು ಕೆಲಸ ಎಂದು ಬೇರೆ ಮಾಡಿ ನೋಡಿದರೆ ಮನೆಯ ಖರ್ಚು ಎಲ್ಲಿ ಸೋರುತ್ತಿದೆ ಎಂಬುದು ಕಣ್ಣಿಗೆ ಬೀಳುವುದೇ ಇಲ್ಲ.

‘ಈಗ ಕರೆಂಟ್ ಫ್ರೀ ಅಲ್ವಾ, ಯಾಕೆ ತಲೆ ಕೆಡಿಸ್ಕೋಬೇಕು?’ ಎಂಬ ಮಾತು ಸಂಡೂರಿನ ಬಸ್‌ ನಿಲ್ದಾಣದಿಂದ ಕಂಪ್ಲಿಯ ಸಂತೆಯವರೆಗೆ ಕೇಳುತ್ತದೆ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಡವರ, ಮಧ್ಯಮ ವರ್ಗದವರ ಮನೆಗೆ ದೊಡ್ಡ ಆಸರೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಯೋಜನೆಯ ನಿಯಮವನ್ನು ಸರಿಯಾಗಿ ಓದಿದವರು ಕಡಿಮೆ. ಎಲ್ಲರಿಗೂ 200 ಯೂನಿಟ್ ಉಚಿತವಲ್ಲ. 2022–23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ 10 ಸೇರಿಸಿದರೆ ಬರುವುದೇ ಸಾಮಾನ್ಯವಾಗಿ ನಿಮ್ಮ ಪಾಲು. ಆಗ 70 ಯೂನಿಟ್ ಬಳಸುತ್ತಿದ್ದ ಮನೆಗೆ ಈಗ 77 ಯೂನಿಟ್ ಉಚಿತ. ಮೇ ತಿಂಗಳ ಸೆಖೆಯಲ್ಲಿ ಅದೇ ಮನೆ 130 ಯೂನಿಟ್ ಉರಿಸಿದರೆ ಮಿಕ್ಕ 53 ಯೂನಿಟ್‌ಗೆ ದುಡ್ಡು ಕೊಡಬೇಕು. 200 ದಾಟಿದರಂತೂ ಉಚಿತದ ಮಾತೇ ಇಲ್ಲ, ಪೂರ್ತಿ ಬಿಲ್ ಕಟ್ಟಬೇಕು. 2025ರ ಏಪ್ರಿಲ್‌ನಲ್ಲಿ ಬಂದ ದರದ ಪ್ರಕಾರ ಮನೆ ಬಳಕೆಯ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಮಂಜೂರಾದ ಪ್ರತಿ ಕಿಲೋವಾಟ್‌ಗೆ 145 ರೂಪಾಯಿ ನಿಗದಿತ ಶುಲ್ಕ, ಮೇಲೆ ಶೇ 9 ತೆರಿಗೆ. ಎರಡು ಕಿಲೋವಾಟ್ ಇರುವ ಮನೆಯಲ್ಲಿ ಮೀಟರ್ 201 ತೋರಿಸಿತೆಂದರೆ ಬಿಲ್ ಒಂದೂವರೆ ಸಾವಿರ ದಾಟುತ್ತದೆ. ಆ ಒಂದು ಯೂನಿಟ್ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ನಾವು ತಲುಪುವುದು ಬಚ್ಚಲಿಗೆ.

ಒಂದು ಬಕೆಟ್ ನೀರಿನ ಲೆಕ್ಕ ತೆಗೆದುಕೊಳ್ಳೋಣ. 20 ಲೀಟರ್ ನೀರನ್ನು 20 ಡಿಗ್ರಿ ಬಿಸಿ ಮಾಡಲು ಹೆಚ್ಚುಕಡಿಮೆ ಅರ್ಧ ಯೂನಿಟ್ ಬೇಕು. ನಂಬಿಕೆ ಬಾರದಿದ್ದರೆ ಇನ್ನೊಂದು ಕಡೆಯಿಂದ ನೋಡಿ: ಮೂರು ಕಿಲೋವಾಟ್‌ನ ಇನ್‌ಸ್ಟಂಟ್ ಗೀಸರ್ ಹತ್ತು ನಿಮಿಷ ಓಡಿದರೆ ಅರ್ಧ ಯೂನಿಟ್. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ತಲಾ ಒಂದು ಬಕೆಟ್ ಬಿಸಿನೀರೆಂದರೆ ಎರಡು ಯೂನಿಟ್, ತಿಂಗಳಿಗೆ 60. ಬಕೆಟ್ ಬಿಟ್ಟು ಶವರ್ ಕೆಳಗೆ ಹತ್ತು ನಿಮಿಷ ನಿಂತರೆ ನಾಲ್ಕೈದು ಬಕೆಟ್ ನೀರು ಹರಿದುಹೋಗುತ್ತದೆ. ಸ್ಟೋರೇಜ್ ಗೀಸರಿನ ಸ್ವಿಚ್ ಬೆಳಿಗ್ಗೆ ಹಾಕಿ ಮರೆತರೆ, ಯಾರೂ ಸ್ನಾನ ಮಾಡದೆಯೂ ನೀರು ಆರುತ್ತ ಕಾಯುತ್ತ ದಿನಕ್ಕೆ ಸುಮಾರು ಒಂದು ಯೂನಿಟ್ ನುಂಗುತ್ತದೆ.

ನೀರೆತ್ತುವ ಖರ್ಚನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ನಾನೂರು ಅಡಿ ಆಳದ ಬೋರಿನಿಂದ ಸಾವಿರ ಲೀಟರ್ ಮೇಲೆತ್ತಲು ಮೋಟರಿನ ನಷ್ಟವೂ ಸೇರಿ ಸುಮಾರು ಒಂದು ಯೂನಿಟ್ ಸಾಕು. ನಗರದ ನೀರು ಪೂರೈಕೆಗೆ ತಲಾ 135 ಲೀಟರ್ ಎಂಬ ಅಳತೆಯಿದೆ. ಆ ಪ್ರಕಾರ ನಾಲ್ಕು ಜನಕ್ಕೆ ದಿನಕ್ಕೆ ಅರ್ಧ ಯೂನಿಟ್, ತಿಂಗಳಿಗೆ 16ರ ಆಸುಪಾಸು. ಸಂಪಿನಿಂದ ಮಾಳಿಗೆಯ ಟ್ಯಾಂಕಿಗೆ ಏರಿಸುವುದು ಇನ್ನೂ ಅಗ್ಗ. ನೀರನ್ನು ಮೇಲೆತ್ತುವುದಕ್ಕಿಂತ ಬಿಸಿ ಮಾಡುವುದು ಬಲು ದುಬಾರಿ. ಬಿಲ್ ಇಳಿಸಬೇಕೆನ್ನುವವರು ಹಾಲ್‌ನ ಲೈಟು ಆರಿಸುತ್ತ ಓಡಾಡುವುದಕ್ಕಿಂತ ಮೊದಲು ಗೀಸರಿನ ಕಡೆ ನೋಡುವುದು ಒಳ್ಳೆಯದು. ಲೈಟಿನ ಕೆಲಸವನ್ನು ‘ಹೊಸ ಬೆಳಕು’ ಯೋಜನೆಯ ಒಂಬತ್ತು ವಾಟ್‌ನ ಎಲ್‌ಇಡಿ ಬಲ್ಬುಗಳು ಆಗಲೇ ಮುಗಿಸಿವೆ.

ಹಾಗೆಂದು ತಣ್ಣೀರು ಸುರಿದುಕೊಳ್ಳಿ ಎಂದು ಮಗು ಮುದುಕರಿಗೆ ಹೇಳಲಾಗದು. ಆದರೆ ನಮ್ಮ ಸೀಮೆಯ ಹವೆಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ಶಿವರಾತ್ರಿಗೆ ಚಳಿ ಹೋದ ಮೇಲೆ ಹೊಸಪೇಟೆ, ಕಂಪ್ಲಿಗಳಲ್ಲಿ ಮಧ್ಯಾಹ್ನ ನಳ ತಿರುವಿದರೆ ಸಿಂಟೆಕ್ಸಿನ ನೀರು ಕೈ ಸುಡುತ್ತದೆ. ಅಲ್ಲಿಂದ ಮಳೆ ಹಿಡಿಯುವವರೆಗೆ ಗೀಸರಿನ ಸ್ವಿಚ್ಚನ್ನು ಬೋರ್ಡಿನಲ್ಲೇ ಆರಿಸಿಡಬಹುದು, ಸಂಜೆ ಟ್ಯಾಂಕಿನ ನೀರಿನಲ್ಲೇ ಮಿಂದು ಮಲಗಬಹುದು. ಚಳಿಗಾಲಕ್ಕೆ ಸೋಲಾರ್ ವಾಟರ್ ಹೀಟರ್ ಇದೆ. ವರ್ಷದ ಬಹುಪಾಲು ಬಿಸಿಲು ಕಾಯುವ ಈ ಊರುಗಳಲ್ಲಿ ಇದಕ್ಕಿಂತ ಲಾಭದ ಸಾಮಾನು ಮಾಳಿಗೆ ಮೇಲೆ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಬೋರಿನ ಗಡಸು ನೀರು ಹಾಕುವವರು ಮಾತ್ರ ಒಂದನ್ನು ನೆನಪಿಡಬೇಕು. ಗೀಸರಿನ ಕಾಯಿಲ್‌ ಮೇಲೆ, ಸೋಲಾರ್‌ ಕೊಳವೆಯೊಳಗೆ ಬಿಳಿ ಹೊಪ್ಪಳೆ ಕಟ್ಟುತ್ತದೆ. ಹೊಪ್ಪಳೆ ದಪ್ಪವಾದಷ್ಟೂ ನೀರು ಕಾಯಲು ತಡ, ಕರೆಂಟು ಹೆಚ್ಚು. ವರ್ಷಕ್ಕೊಮ್ಮೆ ಬಿಚ್ಚಿ ತೊಳೆಸಿದರೆ ಆ ಕೂಲಿ ಬಿಲ್ಲಿನಲ್ಲೇ ವಾಪಸ್ ಬರುತ್ತದೆ.

ಇನ್ನು ಬೇಸಿಗೆ. ಬಳ್ಳಾರಿ ಬಿಸಿಲಿನ ಬಗ್ಗೆ ಹೊರಗಿನವರಿಗೆ ಹೇಳಬೇಕು, ನಮಗೆ ಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 40 ದಾಟಿದಾಗ ಮನೆಯ ಪಂಖಗಳಿಗೆ ವಿರಾಮವಿಲ್ಲ. ಹಳೆಯ ಪಂಖ 75 ವಾಟ್ ಎಳೆಯುತ್ತದೆ. ಮೂರು ಪಂಖ ದಿನಕ್ಕೆ ಹನ್ನೆರಡು ತಾಸು ತಿರುಗಿದರೆ ತಿಂಗಳಿಗೆ 81 ಯೂನಿಟ್. ಬಿಎಲ್‌ಡಿಸಿ ಪಂಖ 30 ವಾಟ್ ಸುತ್ತಮುತ್ತ ಎಳೆಯುತ್ತದೆ, ಅದೇ ಕೆಲಸ 32 ಯೂನಿಟ್‌ನಲ್ಲಿ ಮುಗಿಯುತ್ತದೆ. ಒಮ್ಮೆಗೇ ಮೂರನ್ನೂ ಬದಲಿಸುವ ಶಕ್ತಿ ಎಲ್ಲರಿಗಿಲ್ಲ. ರಾತ್ರಿಯಿಡೀ ತಿರುಗುವ ಮಲಗುವ ಕೋಣೆಯ ಪಂಖವನ್ನು ಮೊದಲು ಬದಲಿಸಿ.

ಕೂಲರಿಗೆ ಕರೆಂಟೂ ಬೇಕು, ನೀರೂ ಬೇಕು. ಹತ್ತು ತಾಸಿಗೆ ಎರಡು ಯೂನಿಟ್‌ಗಿಂತ ಸ್ವಲ್ಪ ಕಡಿಮೆ ಕರೆಂಟ್, ಕೆಲವು ಕೊಡ ನೀರು. ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಹೀರುವುದರಿಂದಲೇ ತಂಪು ಬರುತ್ತದೆ. ಕಿಟಕಿ ಬಾಗಿಲು ಮುಚ್ಚಿ ಕೂಲರ್ ಹಾಕುವವರಿದ್ದಾರೆ. ಆಗ ಕೋಣೆಯ ಗಾಳಿ ತೇವದಿಂದ ತುಂಬಿ ತಂಪು ನಿಲ್ಲುತ್ತದೆ, ಬೆವರು ಆರುವುದಿಲ್ಲ. ಕೂಲರಿನ ಬೆನ್ನು ಕಿಟಕಿಗಿರಬೇಕು, ಎದುರಿನ ಬಾಗಿಲು ಓರೆಯಾದರೂ ತೆರೆದಿರಬೇಕು. ನಮ್ಮ ಒಣ ಸೆಖೆಗೆ ಕೂಲರ್ ಹೇಳಿ ಮಾಡಿಸಿದ ಯಂತ್ರ. ಜೂನ್‌ನಲ್ಲಿ ಮಳೆಗಾಳಿ ಬೀಸಿದ ಮೇಲೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ, ಆರಿಸಿಟ್ಟು ಪಂಖ ಹಾಕಿಕೊಳ್ಳಬೇಕು. ಒಂದೂವರೆ ಟನ್ನಿನ ಎಸಿ ಎಂಟು ತಾಸಿಗೆ ಎಂಟು–ಹತ್ತು ಯೂನಿಟ್ ತಿನ್ನುತ್ತದೆ. ತಿಂಗಳಿಡೀ ಓಡಿಸಿದರೆ ಗೃಹಜ್ಯೋತಿಯ 200ರ ಗೆರೆಯನ್ನು ಅದೊಂದೇ ದಾಟಿಸಿಬಿಡುತ್ತದೆ. ಇದ್ದವರು 24 ಡಿಗ್ರಿಗಿಂತ ಕೆಳಗೆ ಇಳಿಸದಿರಲಿ. ಇಂಧನ ದಕ್ಷತಾ ಬ್ಯೂರೊ ಹೇಳುವಂತೆ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟ್ ಉಳಿಯುತ್ತದೆ.

ಸೆಖೆ ಒಳಗೆ ಬಂದ ಮೇಲೆ ಓಡಿಸುವುದಕ್ಕಿಂತ ಬರದಂತೆ ತಡೆಯುವುದು ಅಗ್ಗ. ನಮ್ಮ ಹಿರಿಯರ ಮಣ್ಣಿನ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆಗಳಿದ್ದವು, ಮೇಲೆ ಮಣ್ಣಿನ ಹೊದಿಕೆಯಿತ್ತು. ಹಗಲಿನ ಕಾವು ಒಳಗೆ ಇಳಿಯುವ ಹೊತ್ತಿಗೆ ರಾತ್ರಿಯಾಗಿ, ಜನ ಅಂಗಳದಲ್ಲೋ ಮಾಳಿಗೆ ಮೇಲೋ ಮಲಗಿರುತ್ತಿದ್ದರು. ಈಗಿನ ಆರ್‌ಸಿಸಿ ಸೂರು ಹಗಲೆಲ್ಲ ಕಾದು ರಾತ್ರಿಯೆಲ್ಲ ಆ ಕಾವನ್ನು ನಮ್ಮ ತಲೆ ಮೇಲೆ ಬಿಡುತ್ತದೆ. ಮಾರ್ಚ್ ಬರುವ ಮುಂಚೆ ಸೂರಿನ ಮೇಲೆ ಎರಡು ಕೈ ಬಿಳಿ ಸುಣ್ಣ ಬಳಿಸಿದರೆ ಬಿಸಿಲಿನ ಬಹುಪಾಲು ವಾಪಸ್ ಹೋಗಿ, ಕೆಳಗಿನ ಕೋಣೆಯ ಸೆಖೆ ಕೆಲವು ಡಿಗ್ರಿ ಇಳಿಯುತ್ತದೆ. ಪಶ್ಚಿಮದ ಗೋಡೆಗೆ ತೆಂಗಿನ ಗರಿಯ ಚಪ್ಪರವನ್ನೋ ಒಂದು ಬೇವಿನ ಮರವನ್ನೋ ಕೊಟ್ಟರೆ ಇನ್ನೂ ಒಳ್ಳೆಯದು. ಆ ಬೇವಿಗೆ ಬಚ್ಚಲ ನೀರೇ ಸಾಕು.

ನೀರನ್ನು ಕರೆಂಟಿಲ್ಲದೆ ಸಾಗಿಸುವ ವಿದ್ಯೆ ಈ ನೆಲಕ್ಕೆ ಚೆನ್ನಾಗಿ ಗೊತ್ತಿತ್ತು. ಹಂಪಿಯ ರಾಜಾವರಣಕ್ಕೆ ಹೋದವರು ಕಪ್ಪು ಕಲ್ಲಿನ ಮೆಟ್ಟಿಲ ಪುಷ್ಕರಣಿ ನೋಡಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅದರ ಪಕ್ಕದಲ್ಲಿ ಕಂಬಗಳ ಮೇಲೆ ಸಾಗುವ ಕಲ್ಲಿನ ನೀರ್ದೋಣಿಯನ್ನು ನೋಡುವವರು ಕಡಿಮೆ. ಕಂಬ ಕಂಬಕ್ಕೆ ಕೊಂಚ ಕೊಂಚ ಇಳಿಜಾರು ಕೊಟ್ಟು, ಇಳಿಯುವ ಗುಣವೊಂದನ್ನೇ ನಂಬಿ ನೀರನ್ನು ಅರಮನೆಯ ಕೊಳಕ್ಕೆ ತಂದಿದ್ದಾರೆ. ತುಂಗಭದ್ರಾ ನದಿಗೆ ಅಡ್ಡಲಾಗಿ ಕಲ್ಲಿನ ಅಣೆಕಟ್ಟೆ ಕಟ್ಟಿ ತಿರುಗಿಸಿದ ರಾಯ, ಬಸವಣ್ಣ, ತುರ್ತು ಕಾಲುವೆಗಳು ಇಂದಿಗೂ ಬಾಳೆ, ಕಬ್ಬು, ಭತ್ತದ ಗದ್ದೆಗಳಿಗೆ ನೀರುಣಿಸುತ್ತಿವೆ. ಕೃಷ್ಣದೇವರಾಯ ಹೊಸಪೇಟೆಯ ಬಳಿ, ಸಂಡೂರು ಕಣಿವೆಯ ಬಾಯಿಗೆ ಕಟ್ಟಿಸಿದ ದೊಡ್ಡ ಕೆರೆಯ ಕೆಲಸವನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಣ್ಣಾರೆ ಕಂಡಿದ್ದ. ಹದಿನೈದಿಪ್ಪತ್ತು ಸಾವಿರ ಜನ ಅಲ್ಲಿ ದುಡಿಯುತ್ತಿದ್ದರು ಎಂದು ಬರೆದಿದ್ದಾನೆ. ಅಂಥ ಊರಿನಲ್ಲಿ ಇಂದು ಮನೆಯ ಒಂದು ಕೊಡ ನೀರು ಹೊಳೆಯಿಂದ ಶುದ್ಧೀಕರಣ ಘಟಕಕ್ಕೆ, ಅಲ್ಲಿಂದ ಊರಿನ ಟ್ಯಾಂಕಿಗೆ, ಮತ್ತೆ ನಮ್ಮ ಸಂಪಿನಿಂದ ಮಾಳಿಗೆಗೆ ಮೇಲಿಂದ ಮೇಲೆ ಏರುತ್ತದೆ. ಪ್ರತಿ ಏರಿಗೂ ಒಂದು ಮೋಟರು.

ಹೀಗೆ ಹತ್ತಿಸಿಕೊಂಡು ಬಂದ ನೀರನ್ನು ನಾವು ಚೆಲ್ಲುವ ರೀತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ನಳಕ್ಕೆ ದಿನ ಬಿಟ್ಟು ದಿನವೋ ಇನ್ನೂ ತಡವಾಗಿಯೋ ನೀರು ಬರುವ ಓಣಿಗಳಲ್ಲಿ ‘ಅಕ್ಕಾ, ನಳ ಬಂತ್ರೀ’ ಎಂದು ಒಬ್ಬರು ಕೂಗಿದ್ದೇ ತಡ, ಮನೆಮನೆಯ ಮುಂದೆ ಹಳೆಯ ನೀರು ಗಟಾರಕ್ಕೆ ಸೇರುತ್ತದೆ. ಡ್ರಮ್ಮು, ತೊಟ್ಟಿ, ಬಿಂದಿಗೆ ಎಲ್ಲ ಬರಿದು ಮಾಡಿ ‘ಹೊಸ ನೀರು’ ಹಿಡಿಯುವುದು ರೂಢಿ. ಮುಚ್ಚಿಟ್ಟ ನೀರು ನಾಲ್ಕು ದಿನಕ್ಕೆ ಕೆಡುವುದಿಲ್ಲ. ಸೊಳ್ಳೆಯ ಮೊಟ್ಟೆ ಉಳಿಯದಂತೆ ವಾರಕ್ಕೊಮ್ಮೆ ತೊಟ್ಟಿ ಉಜ್ಜಿ ತೊಳೆಯಲೇಬೇಕು, ಡೆಂಗಿ ಹರಡುವುದು ಇಂಥಲ್ಲೇ. ಆ ದಿನ ಹಳೆಯ ನೀರು ಬಟ್ಟೆ ನೆನೆಹಾಕಲು, ಪಾಯಿಖಾನೆಗೆ, ಅಂಗಳಕ್ಕೆ, ಗಿಡಕ್ಕೆ ಹೋಗಲಿ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬ ಮಾಡಿ ಹಂಡೆಗೆ ಪೂಜೆ ಮಾಡುವ ಮನೆಯವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ.

ಕಣ್ಣಿಗೆ ಕಾಣದ ಸೋರಿಕೆ ಇನ್ನೂ ಕೆಟ್ಟದ್ದು. ಪಾಯಿಖಾನೆಯ ಫ್ಲಶ್ ಟ್ಯಾಂಕಿಗೆ ರಾತ್ರಿ ಒಂದು ಚಿಟಿಕೆ ಕುಂಕುಮ ಕದಡಿ ಬಿಡಿ. ಯಾರೂ ಫ್ಲಶ್ ಮಾಡದೆ ಬೆಳಿಗ್ಗೆ ಕೆಳಗೆ ಕೆಂಪು ಇಳಿದಿದ್ದರೆ ಒಳಗಿನ ವಾಷರ್ ಹೋಗಿದೆ ಎಂದರ್ಥ. ಹನಿಯುವ ನಳದ ಕೆಳಗೆ ರಾತ್ರಿ ಬಕೆಟ್ ಇಟ್ಟು ಬೆಳಿಗ್ಗೆ ಎಷ್ಟು ತುಂಬಿದೆ ನೋಡಿ, ಪ್ಲಂಬರನ್ನು ಕರೆಯುವ ಮನಸ್ಸು ತಾನಾಗಿ ಬರುತ್ತದೆ. ಹಳೆಯ ಫ್ಲಶ್ ಟ್ಯಾಂಕ್ ಒಂದು ಸಲಕ್ಕೆ ಹತ್ತು ಲೀಟರಿಗೂ ಹೆಚ್ಚು ಬಿಡುತ್ತದೆ. ಒಳಗೆ ನೀರು ತುಂಬಿ ಮುಚ್ಚಳ ಬಿಗಿದ ಒಂದು ಲೀಟರಿನ ಬಾಟಲಿ ಇಟ್ಟರೆ ಪ್ರತಿ ಸಲವೂ ಒಂದು ಲೀಟರ್ ಉಳಿಯುತ್ತದೆ. ಮನೆಯ ಆರ್‌ಒ ಫಿಲ್ಟರ್ ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. ಆ ಕೊಳವೆಯ ಬಾಯಿಗೆ ಕೊಡ ಹಿಡಿದರೆ ಪಾತ್ರೆ ತೊಳೆಯಲು, ನೆಲ ಒರೆಸಲು ಸಾಲುತ್ತದೆ. ಅಡಿಗೆ ಮನೆಯಲ್ಲಿ ಅಕ್ಕಿ, ಬ್ಯಾಳಿ ತೊಳೆದ ಕಲಗಚ್ಚು ಗಿಡಕ್ಕೆ ಗೊಬ್ಬರ. ಬ್ಯಾಳಿಯನ್ನು ಅರ್ಧ ತಾಸು ನೆನೆಸಿ ಕುಕ್ಕರಿಗೆ ಇಟ್ಟರೆ ಗ್ಯಾಸೂ ಉಳಿಯುತ್ತದೆ.

ಊರೂರಿಗೂ ತೊಂದರೆ ಬೇರೆ. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿಗಳ ಕೆಂಪು ದೂಳು ಬಟ್ಟೆಗೂ ಅಂಗಳಕ್ಕೂ ಕೂರುತ್ತದೆ, ಒಗೆಯಲು ನೀರು ಹೆಚ್ಚು ಬೇಕು. ಅಲ್ಲಿನ ಹೆಂಗಸರಿಗೆ ಉಪಾಯ ಗೊತ್ತಿದೆ: ಒಣಗಿದ್ದಾಗಲೇ ಬಟ್ಟೆ ಕೊಡವಬೇಕು, ಒದ್ದೆಯಾದರೆ ದೂಳು ಕೆಸರಾಗಿ ಕಚ್ಚಿಕೊಳ್ಳುತ್ತದೆ. ಕೊನೆಯ ಸಲ ಜಾಲಿಸಿದ ನೀರನ್ನು ಎತ್ತಿಟ್ಟು ಮರುದಿನದ ಬಟ್ಟೆ ನೆನೆಹಾಕಬೇಕು. ವಾಷಿಂಗ್ ಮಷೀನ್ ಇದ್ದವರೂ ಅದರ ಕೊಳವೆಯನ್ನು ಗಟಾರಕ್ಕಲ್ಲ, ಬಕೆಟ್ಟಿಗೆ ಬಿಟ್ಟು ಹೀಗೇ ಮಾಡಬಹುದು. ಕಂಪ್ಲಿಯದು ಇನ್ನೊಂದು ಕತೆ. ಕಾಲುವೆ ಹರಿಯುವಾಗ ಸುತ್ತಲಿನ ಬಾವಿ, ಬೋರುಗಳಲ್ಲಿ ನೀರು ಮೇಲಿರುತ್ತದೆ, ಕಾಲುವೆ ನಿಂತ ಮೇಲೆ ಇಳಿಯುತ್ತದೆ. ನೀರು ಇಳಿದಷ್ಟೂ ಅದೇ ಟ್ಯಾಂಕ್ ತುಂಬಲು ಮೋಟರ್ ಹೆಚ್ಚು ಹೊತ್ತು ಓಡಬೇಕು. ಎರಡು ಮೂರು ಸಲ ವೈಂಡಿಂಗ್ ಮಾಡಿಸಿದ ಹಳೆಯ ಮೋಟರು ಅದೇ ನೀರಿಗೆ ಹೆಚ್ಚು ಕರೆಂಟ್ ಎಳೆಯುತ್ತದೆ. ಮೋಟರಿನ ಈ ಓಟ ತಗ್ಗಿಸಲು ಮಳೆನೀರು ಹಿಡಿಯಬಹುದು. ಸಾವಿರ ಚದರ ಅಡಿ ಸೂರಿನ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೂ, ಸೋರಿದ್ದು ಆರಿದ್ದು ಕಳೆದು ನಲವತ್ತು ಸಾವಿರ ಲೀಟರ್‌ಗಿಂತ ಹೆಚ್ಚು ನೀರು ಸಿಗುತ್ತದೆ. ಅದನ್ನು ಸೋಸಿ ಸಂಪಿಗೋ ಬೋರಿನ ಸುತ್ತಲಿನ ಇಂಗುಗುಂಡಿಗೋ ಇಳಿಸಿದವರ ಮೋಟರು ಅಷ್ಟು ಕಡಿಮೆ ಓಡುತ್ತದೆ.

ಜಲಾಶಯ ಕಣ್ಣೆದುರು ಇದೆಯೆಂಬ ಧೈರ್ಯ ಇನ್ನು ಮುಂದೆ ನಡೆಯುವುದಿಲ್ಲ. 133 ಟಿಎಂಸಿ ಅಡಿ ಹಿಡಿಯಲೆಂದು ಕಟ್ಟಿದ ತುಂಗಭದ್ರೆಯಲ್ಲಿ ಹೂಳು ತುಂಬಿ ಈಗ ಹಿಡಿಯುವುದು 105.788 ಟಿಎಂಸಿ ಅಡಿ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು, ತುಂಬಿ ನಿಂತ ನೀರು ಹೊಳೆಗೆ ಹರಿದದ್ದು, ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿವಿನ ನಡುವೆಯೇ ಸ್ಟಾಪ್ ಲಾಗ್ ಇಳಿಸಿ ಅದನ್ನು ತಡೆದದ್ದು ಈ ಭಾಗದ ಮಕ್ಕಳಿಗೂ ನೆನಪಿದೆ. ಮರುವರ್ಷ ಗೇಟುಗಳ ಸುರಕ್ಷತೆಗಾಗಿ ಜಲಾಶಯದಲ್ಲಿ 80 ಟಿಎಂಸಿ ಅಡಿಯಷ್ಟೇ ನೀರು ನಿಲ್ಲಿಸಿದರು. ಮೂರು ರಾಜ್ಯಗಳ ರೈತರು ಪಾಲು ಕೇಳುವ ಆ ನೀರಿನಲ್ಲಿ ನಮ್ಮ ಮನೆಯ ನಳವೂ ಪಾಲುದಾರ.

ನಾವು ಉರಿಸುವ ಕರೆಂಟೂ ನೀರು ಕುಡಿಯುತ್ತದೆ. ಕುಡತಿನಿಯ ಬಳ್ಳಾರಿ ಉಷ್ಣ ವಿದ್ಯುತ್ ಸ್ಥಾವರದ ಸಾಮರ್ಥ್ಯ 1,700 ಮೆಗಾವಾಟ್. ದೇಶದ ಇಂಥ ಹಳೆಯ ಸ್ಥಾವರಗಳಿಗೆ 2015ರಲ್ಲಿ ಕೇಂದ್ರ ಸರ್ಕಾರ ಹಾಕಿದ ಮಿತಿಯೇ ಒಂದು ಯೂನಿಟ್‌ಗೆ ಮೂರೂವರೆ ಲೀಟರ್ ನೀರು. ಮರೆತು ಬಿಟ್ಟ ಗೀಸರು ದಿನಕ್ಕೊಂದು ಯೂನಿಟ್ ಸುಟ್ಟರೆ, ನಮ್ಮ ಬಚ್ಚಲಲ್ಲಿ ಒಂದು ಹನಿ ಬೀಳದೆಯೂ ಅಷ್ಟು ನೀರು ಎಲ್ಲೋ ಆವಿಯಾಗಿರುತ್ತದೆ.

ಸೂರಿನ ಮೇಲೆ ಸೋಲಾರ್ ಫಲಕ ಹಾಕಿಸುವ ಮಾತು ಈಗ ಎಲ್ಲೆಡೆ ಇದೆ. 2024ರ ಫೆಬ್ರುವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವಾಟ್‌ಗೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರು ಮತ್ತು ಮೇಲ್ಪಟ್ಟದ್ದಕ್ಕೆ 78 ಸಾವಿರ ರೂಪಾಯಿ ಸಬ್ಸಿಡಿ ಇದೆ. ಒಂದು ಕಿಲೋವಾಟ್ ಫಲಕ ನಮ್ಮ ಬಿಸಿಲಿಗೆ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ತಿಂಗಳಿಗೆ ನೂರು ಯೂನಿಟ್‌ನೊಳಗೆ ಮುಗಿಸುವ, ಗೃಹಜ್ಯೋತಿಯಲ್ಲೇ ಬಿಲ್ ಶೂನ್ಯವಾಗುವ ಮನೆಯವರು ಇದಕ್ಕೆ ಸಾಲ ಮಾಡುವ ಅಗತ್ಯ ನನಗೆ ಕಾಣುವುದಿಲ್ಲ. ಪ್ರತಿ ತಿಂಗಳೂ 200 ದಾಟುವ ಮನೆ, ಹೋಂಸ್ಟೇ ನಡೆಸುವ ಕಮಲಾಪುರದ ಕುಟುಂಬ, ಎಸಿ ಬಿಡಲಾಗದ ಕಾಯಿಲೆಯವರಿರುವ ಮನೆ ಖಂಡಿತ ಯೋಚಿಸಬೇಕು. ಸಂಡೂರಿನವರು ಹಾಕಿಸಿದರೆ ಫಲಕದ ಮೇಲಿನ ದೂಳನ್ನು ಮುಂಜಾನೆ ತಂಪು ಹೊತ್ತಿನಲ್ಲಿ ಒದ್ದೆ ಬಟ್ಟೆಯಿಂದ ಒರೆಸುತ್ತಿರಬೇಕು, ದೂಳು ಕೂತ ಫಲಕ ಪೂರ್ತಿ ಕೆಲಸ ಕೊಡುವುದಿಲ್ಲ.

ಇದೆಲ್ಲ ಶುರು ಮಾಡಲು ದುಡ್ಡು ಬೇಕಿಲ್ಲ. ಇಂದು ಸಂಜೆ ಒಮ್ಮೆ ಮೀಟರಿನ ಅಂಕಿಯನ್ನು ಕ್ಯಾಲೆಂಡರಿನ ಇವತ್ತಿನ ಮನೆಯೊಳಗೆ ಬರೆದಿಡಿ, ಮುಂದಿನ ಒಂದು ವಾರ ದಿನಾ ಅದೇ ಹೊತ್ತಿಗೆ ಬರೆಯಿರಿ. ಕಳೆದ ತಿಂಗಳ ಚೀಟಿ ತೆಗೆದು ನಿಮ್ಮ ಉಚಿತ ಪಾಲು ಎಷ್ಟೆಂದು ನೋಡಿ, ಮೂವತ್ತರಿಂದ ಭಾಗಿಸಿ ದಿನದ ಪಾಲು ತಿಳಿದುಕೊಳ್ಳಿ. ಯಾವ ದಿನ ಅಂಕಿ ಹಾರಿದೆಯೋ ಆ ದಿನ ಮನೆಯಲ್ಲಿ ಏನು ಓಡಿತು ಎಂದು ಎಲ್ಲರೂ ಕೂತು ಮಾತಾಡಿ. ಆ ಲೆಕ್ಕ ಬರೆಯುವ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸಿ.